ರಾತ್ರಿ ಹನ್ನೆರಡೂವರೆಗೆ 6070ರಲ್ಲಿ ನಮ್ಮೂರ ಹಾಡು

ನಮಸ್ಕಾರ್ರೀ. ನೀವೀಗ ನೋಡುತ್ತಿರುವುದು ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಲೇತ್ ಶೆಡ್ಡು. ಭಾನುವಾರ ಮಷಿನ್ ಬಂದ್ ಇರುತ್ತವೆ. ಅವತ್ತು ಈ ನಾಲ್ಕು ಹುಡುಗರು ಡ್ರಮ್ಸು, ಆಂಪ್ಲಿಫೈಯರು ತಂದು ಇಲ್ಲಿ ಪ್ರಾಕ್ಟೀಸ್ ಮಾಡುತ್ತಾರೆ. ಎಷ್ಟು ಜೋರಾಗಿ ಬಾರಿಸಿದರೂ ಬೈಯುವವರಿಲ್ಲ. ಮೆಟಲ್ ಸಂಗೀತ, ಅದೂ ನಮ್ಮ ಕಡೆಯ ಕನ್ನಡದಲ್ಲಿ. ಹೋಟೆಲಿನವರು ಇವರನ್ನು ಕರೆಯುವುದಿಲ್ಲ, ಅವರಿಗೆ ಸಿನಿಮಾ ಹಾಡೇ ಬೇಕು. ಗಣಪತಿ ಪೆಂಡಾಲಿನವರೂ ಕರೆಯುವುದಿಲ್ಲ. ನಾನು ಕರೆಯುತ್ತೇನೆ. ನನ್ನ ಶಾರ್ಟ್‌ವೇವ್ ರೇಡಿಯೋ ಕಾರ್ಯಕ್ರಮ ಇರುವುದೇ ಇಂಥವರಿಗಾಗಿ.

ಮೊದಲಿಗೆ ಎಲ್ಲರೂ ಕೇಳುವುದು ಒಂದೇ: ಟ್ರಾನ್ಸ್‌ಮಿಟರ್ ಎಲ್ಲಿಟ್ಟಿದ್ದೀರಿ? ಮನೆಯಲ್ಲಂತೂ ಇಲ್ಲ, ಇಡುವ ಹಾಗೂ ಇಲ್ಲ. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ನಮ್ಮ ದೇಶದಲ್ಲಿ ಅಪರಾಧ. ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಹ್ಯಾಮ್ ರೇಡಿಯೋದ ಲೈಸೆನ್ಸ್ ಇದ್ದವರೂ ಅದರಲ್ಲಿ ಹಾಡು ಹಾಕುವಂತಿಲ್ಲ. ಸಮುದಾಯ ರೇಡಿಯೋ ಸಿಗುವುದು ಸಂಸ್ಥೆಗಳಿಗೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಅಂಥದ್ದೊಂದು ಇದೆ. ಆದರೆ ಅದು ಎಫ್‌ಎಂ, ಸುತ್ತಲಿನ ಕೆಲವು ಕಿಲೋಮೀಟರ್ ದಾಟುವುದಿಲ್ಲ. ಹಾಗಾಗಿ ನಾನು ಹೊರದೇಶದ ಲೈಸೆನ್ಸ್ ಇರುವ ಕೇಂದ್ರದಲ್ಲಿ ಸಮಯ ಬಾಡಿಗೆಗೆ ತೆಗೆದುಕೊಳ್ಳುತ್ತೇನೆ. ಅಮೆರಿಕದ ಫ್ಲೋರಿಡಾದಲ್ಲಿ ಡಬ್ಲ್ಯೂಆರ್‌ಎಂಐ ಎನ್ನುವ ಕೇಂದ್ರ ಇದೆ. ಜರ್ಮನಿಯ ಬವೇರಿಯಾದಲ್ಲಿ ಚಾನೆಲ್ 292 ಇದೆ, ರೇಡಿಯೋ ಡಯಲ್ಲಿನಲ್ಲಿ ಅದರ ಮುಖ್ಯ ಜಾಗ 6070 ಕಿಲೋಹರ್ಟ್ಸ್. ಎರಡೂ ಕಡೆ ಸಣ್ಣ ಸಣ್ಣ ಹವ್ಯಾಸಿಗಳಿಗೂ ಸಮಯ ಕೊಡುತ್ತಾರೆ. ನಾನು ಸದ್ಯ ಹಾಕುತ್ತಿರುವುದು ಜರ್ಮನಿಯಲ್ಲಿ. ಅರ್ಧ ಗಂಟೆಯ ಬಾಡಿಗೆ, ನಮ್ಮೂರಲ್ಲಿ ಒಂದು ಸಂಜೆಗೆ ಸೌಂಡ್ ಸಿಸ್ಟಮ್ ತರಿಸುವ ಖರ್ಚಿಗಿಂತ ಕಡಿಮೆ. ಇಲ್ಲಿ ಕುಳಿತು ಕಾರ್ಯಕ್ರಮ ತಯಾರು ಮಾಡಿ ಫೈಲ್ ಕಳಿಸುತ್ತೇನೆ, ಅವರು ಟವರಿಗೆ ಏರಿಸುತ್ತಾರೆ.

ಎಫ್‌ಎಂ ಅಲೆ ನೇರವಾಗಿ ಹೋಗಿ ಸ್ವಲ್ಪ ದೂರದಲ್ಲೇ ಮುಗಿದುಬಿಡುತ್ತದೆ. ಶಾರ್ಟ್‌ವೇವ್ ಹಾಗಲ್ಲ. ಮೇಲೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳ ಎನ್ನುವ ಪದರ ಇದೆ. ಕೇರಂ ಬೋರ್ಡಿನ ಅಂಚಿಗೆ ಬಡಿದು ವಾಪಸ್ ಬರುವ ಕಾಯಿಯ ಹಾಗೆ, ಅಲೆ ಆ ಪದರಕ್ಕೆ ತಾಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಹಗಲಲ್ಲಿ ಕೆಳಗಿನ ಇನ್ನೊಂದು ಪದರ 6 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು ಹೀರಿಕೊಳ್ಳುತ್ತದೆ. ಕತ್ತಲಾದರೆ ಆ ಪದರ ಕರಗುತ್ತದೆ, ಆಗ ದಾರಿ ಬಿಡುವಾಗುತ್ತದೆ. ಅದಕ್ಕೇ ನನ್ನ ಸಮಯ ರಾತ್ರಿಯದು. ಜಾಗತಿಕ ಸಮಯ 19 ಗಂಟೆ, ನಮಗೆ ನಡುರಾತ್ರಿ ಹನ್ನೆರಡೂವರೆ.

ಇಷ್ಟೆಲ್ಲ ಯಾಕೆ, ಮೊಬೈಲಿನಲ್ಲೇ ಹಾಕಬಹುದಲ್ವಾ ಎಂದು ಕೇಳುತ್ತೀರಿ. ಹಾಡು ಎಷ್ಟು ಉದ್ದ ಇರಬೇಕು ಎನ್ನುವುದನ್ನು ಯಾವಾಗಲೂ ಯಂತ್ರವೇ ನಿಗದಿ ಮಾಡಿದೆ. ಗದಗಿನಲ್ಲಿ ಬೆಳೆಯುತ್ತಿದ್ದ ಹುಡುಗ ಭೀಮಸೇನ ಜೋಶಿಯವರು ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರು. ಆಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಹೆಚ್ಚುಕಡಿಮೆ ಮೂರು ನಿಮಿಷ. ಮನೆ ಬಿಡಿಸಲು ಅಷ್ಟೇ ಸಾಕಾಯಿತು ನೋಡಿ! ಆದರೆ ಆ ಖಾನರೇ ಎದುರಿಗೆ ಕುಳಿತು ಹಾಡಿದರೆ ಒಂದು ರಾಗಕ್ಕೆ ಗಂಟೆಗಟ್ಟಲೆ ಬೇಕಿತ್ತು. ಈಗ ರೀಲ್ಸು ಬಂದಿವೆ, ಅರ್ಧ ನಿಮಿಷದಲ್ಲಿ ಹಾಡು ಮುಗಿಯಬೇಕು. ಬಾಡಿಗೆ ಕೊಟ್ಟ ಅರ್ಧ ಗಂಟೆ ಮಾತ್ರ ನನ್ನದು. ಅದರಲ್ಲಿ ಒಂದೇ ಹಾಡು ಹಾಕಿದರೂ ಯಾಕೆ ಎಂದು ಪ್ರಶ್ನಿಸುವವರಿಲ್ಲ. ನಾನು ಹಾಡನ್ನು ಕತ್ತರಿಸುವುದಿಲ್ಲ. ನನ್ನ ಕಾರ್ಯಕ್ರಮದ ಮೊದಲ ನಿಯಮವೇ ಅದು.

ಇದು ಬೇಕಾದದ್ದು ಲೇತ್ ಶೆಡ್ಡಿನ ಹುಡುಗರಿಗಷ್ಟೇ ಅಲ್ಲ. ಈಗ ಕಾಣುತ್ತಿರುವುದು ಕುಂದಗೋಳ ಕಡೆಯ ಒಂದು ಹಳ್ಳಿ. ಇವರು ರಿವಾಯತ್ ಪದ ಹಾಡುವ ಮೇಳದವರು. ಮೊಹರಂ ಸಮಯದಲ್ಲಿ ಹಸನ್ ಹುಸೇನರ ಕತೆಯನ್ನು, ಕರ್ಬಲಾದ ಕತೆಯನ್ನು ಹಾಡುತ್ತ ಹೆಜ್ಜೆ ಹಾಕುತ್ತಾರೆ. ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದವರು ಹಿಡಿದು ಮುಂದೆ ಒಯ್ಯುತ್ತಾರೆ. ಮೇಳದಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ನಮ್ಮ ಕಡೆ ಅದು ಹೊಸದಲ್ಲ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಮೊಹರಂನಲ್ಲಿ ಅಲಾಬ್ ದೇವರನ್ನು ಕೂರಿಸುತ್ತಾರೆ. ಇವರ ಒಂದು ಪದ ಹದಿನೈದು ಇಪ್ಪತ್ತು ನಿಮಿಷ ನಡೆಯುತ್ತದೆ. ಮಧ್ಯದಲ್ಲಿ ಕತ್ತರಿಸಿದರೆ ಕತೆಯೇ ಸತ್ತುಹೋಗುತ್ತದೆ.

ರೆಕಾರ್ಡಿಂಗ್ ಮಾಡುವ ದಿನ ಮೇಳದ ಹಿರಿಯರು ಕೇಳಿದರು: "ತಮ್ಮಾ, ಜರ್ಮನಿ ಮಂದಿಗೆ ನಮ್ ಪದ ಏನ್ ತಿಳೀತೈತಿ?"

"ಅಜ್ಜಾರ, ಮೊದಲ ಕತಿ ಇಂಗ್ಲಿಷಿನ್ಯಾಗ ಎರಡ್ ಮಾತಿನ್ಯಾಗ ಹೇಳ್ತೀನ್ರಿ. ಆಮ್ಯಾಲ ನೀವು ಹಾಡಿದ್ದು ಹೆಂಗೈತಿ ಹಂಗ ಹಾಕ್ತೀನ್ರಿ."

"ಹಂಗಾದ್ರ ಪೂರ್ತಿ ಹಾಕಬೇಕ ನೋಡಪಾ. ಅರ್ಧಕ್ಕ ಬಿಡಬಾರ್ದು."

ನಾನು ಕೊಡಬೇಕೆಂದಿದ್ದ ಮಾತನ್ನು ಅವರೇ ನನ್ನಿಂದ ಪಡೆದುಕೊಂಡರು.

ಈಗ ನನಗೆ ಬಹಳ ಇಷ್ಟವಾದ ಭಾಗ, ಮಿಕ್ಸಿಂಗ್. ಶಾರ್ಟ್‌ವೇವ್‌ನಲ್ಲಿ ಸದ್ದಿಗೆ ಸಿಗುವ ಜಾಗ ತುಂಬ ಕಡಿಮೆ. ಹಾಡಿನ ಸದ್ದಿನಲ್ಲಿ 5 ಕಿಲೋಹರ್ಟ್ಸ್‌ಗಿಂತ ಮೇಲಿನ ಕೀಚಲು ಭಾಗ ಹೋಗುವುದೇ ಇಲ್ಲ ಅಂದುಕೊಳ್ಳಿ. ತೀರ ಕೆಳಗಿನ ಗುಡುಗು ಸಣ್ಣ ರೇಡಿಯೋದ ಸ್ಪೀಕರಿನಲ್ಲಿ ಬರುವುದಿಲ್ಲ. ಎಲ್ಲವೂ ಮೋನೋ, ಎಡ ಬಲ ಎಂದು ಬೇರೆ ಬೇರೆ ಇಲ್ಲ. ಅದಕ್ಕೇ ನಾನು 4.5 ಕಿಲೋಹರ್ಟ್ಸ್ ಮೇಲೆ, 100 ಹರ್ಟ್ಸ್ ಕೆಳಗೆ ನಾನೇ ಕತ್ತರಿಸಿಕೊಂಡು, ಉಳಿದ ಜಾಗದಲ್ಲಿ ಹಾಡನ್ನು ಕೂರಿಸುತ್ತೇನೆ.

ರಿವಾಯತ್ ಮೇಳದ ಗೆಜ್ಜೆಯ ಸದ್ದು ಬಹುಪಾಲು ಕಳೆದುಹೋಗುತ್ತದೆ, ಬೇಜಾರಾಗುತ್ತದೆ. ಆದರೆ ದನಿಗಳು ಗಟ್ಟಿಯಾಗಿ ನಿಲ್ಲುತ್ತವೆ. ಬಯಲಲ್ಲಿ, ಮೈಕಿಲ್ಲದೆ, ಕೊನೆಯ ಸಾಲಿನವನಿಗೂ ಮುಟ್ಟಲಿ ಎಂದು ಬೆಳೆದ ಕಂಠ ಅದು. ಗೊರಗೊರ ಸದ್ದಿನ ನಡುವೆಯೂ ಅಕ್ಷರ ಬಿಡದೆ ಕೇಳುತ್ತದೆ. ಹಲಗಿಯ ಪೆಟ್ಟೂ ಹಾಗೆಯೇ. ಜಗ್ಗಲಗಿ ಮಾತ್ರ ಕಷ್ಟ. ಹೋಳಿಯಲ್ಲಿ ಹುಬ್ಬಳ್ಳಿ ಬೀದಿಗೆ ಇಳಿಯುತ್ತದಲ್ಲ, ಚಕ್ಕಡಿ ಗಾಲಿಗೆ ಚರ್ಮ ಬಿಗಿದು ಮಾಡಿದ್ದು, ಅದು. ಅದರ ಜೀವ ಇರುವುದೇ ಕೆಳಗಿನ ಸದ್ದಿನಲ್ಲಿ. ಅದಕ್ಕೆ ಒಂದು ಮೈಕು ದೂರದಲ್ಲಿ, ಇನ್ನೊಂದು ಕೋಲು ಬೀಳುವ ಜಾಗದ ಹತ್ತಿರ ಇಡುತ್ತೇನೆ. ಹತ್ತಿರದ ಮೈಕಿನ ಪೆಟ್ಟೇ ಕಡಲು ದಾಟುವುದು.

ಮೆಟಲ್ ಇನ್ನೂ ಕಷ್ಟ. ಡಿಸ್ಟಾರ್ಷನ್ ಹಾಕಿದ ಗಿಟಾರ್ ಇದ್ದ ಜಾಗವನ್ನೆಲ್ಲ ತುಂಬಿಬಿಡುತ್ತದೆ. ಮೇಲಿಂದ ಫೇಡಿಂಗ್ ಬೇರೆ. ಅಲೆ ಬೇರೆ ಬೇರೆ ದಾರಿಯಲ್ಲಿ ಬಂದು ಒಂದಕ್ಕೊಂದು ಅಡ್ಡವಾದಾಗ ಸದ್ದಿನ ಒಂದೊಂದು ಪಟ್ಟಿ ಮಾಯವಾಗಿ ಮತ್ತೆ ಬರುತ್ತದೆ. ಆಗ ಗಿಟಾರು, ಸಿಂಬಲ್ ಎಲ್ಲ ಕಲಸಿಹೋಗುತ್ತವೆ. ಹುಡುಗರಿಗೆ ಹೇಳಿದೆ: ರೇಡಿಯೋಗೆ ಬೇರೆ ಮಿಕ್ಸ್ ಮಾಡೋಣ, ಗಿಟಾರ್ ಇಳಿಸೋಣ, ದನಿ ಮುಂದೆ ತರೋಣ. ಡ್ರಮ್ಮರಿಗೆ ಸಿಟ್ಟು ಬಂತು. ಕೊನೆಗೆ ಸಣ್ಣ ಟ್ರಾನ್ಸಿಸ್ಟರಿನಲ್ಲಿ ಎರಡೂ ಕೇಳಿಸಿದೆ, ಒಪ್ಪಿಕೊಂಡರು. ಧಾರವಾಡದ ರ‍್ಯಾಪ್ ಹುಡುಗರಿಗೆ ಈ ತಾಪತ್ರಯವೇ ಇಲ್ಲ. ಅವರದ್ದು ಮಾತು. ಶಾರ್ಟ್‌ವೇವ್ ಮಾತಿಗೇ ಹುಟ್ಟಿದ್ದು.

ಧಾರವಾಡದವರಿಗೆ ರೇಡಿಯೋ ಎಂದರೆ ಆಕಾಶವಾಣಿ, 765 ಕಿಲೋಹರ್ಟ್ಸ್, ಮೀಡಿಯಂ ವೇವ್. 1950ರಿಂದ ಇದೆ. ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ದೊಡ್ಡವರನ್ನೂ ಹಳ್ಳಿಯ ಹಾಡುಗಾರರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೇಳಿಸಿದ ಕೇಂದ್ರ ಅದು. ಅದನ್ನು ಕೇಳಿ ಬೆಳೆದ ಕಿವಿ ನನ್ನದು. ರಾಗದ ಪಕ್ಕ ರಿವಾಯತ್, ರಿವಾಯತ್ ಪಕ್ಕ ರ‍್ಯಾಪ್ ಇಡಲು ನನಗೆ ಅಳುಕಿಲ್ಲ.

ಪ್ರಸಾರದ ರಾತ್ರಿ ನಾವೂ ಕೇಳುತ್ತೇವೆ. ಊರೊಳಗೆ ಆಗುವುದಿಲ್ಲ. ಎಲ್‌ಇಡಿ ಬಲ್ಬು, ಇನ್ವರ್ಟರು, ಚಾರ್ಜರು ಎಲ್ಲ ಸೇರಿ ಶಾರ್ಟ್‌ವೇವನ್ನು ನುಂಗಿಬಿಡುತ್ತವೆ. ಅದಕ್ಕೇ ಊರಾಚೆ ಗೆಳೆಯನ ಹೊಲಕ್ಕೆ ಹೋಗಿ, ಬೇವಿನ ಮರಕ್ಕೆ ಉದ್ದನೆಯ ತಂತಿ ಕಟ್ಟಿ, ಬ್ಯಾಟರಿ ರೇಡಿಯೋ ಹಚ್ಚುತ್ತೇವೆ. ಚಳಿಗಾಲದಲ್ಲಿ ಜರ್ಮನಿಯಿಂದ ಇಲ್ಲಿಯ ತನಕ ದಾರಿ ಪೂರ್ತಿ ಕತ್ತಲು, ಆಗ ಕ್ಷೀಣವಾಗಿಯಾದರೂ ಬರುತ್ತದೆ. ಜೂನ್ ತಿಂಗಳಲ್ಲಿ ಆ ಹೊತ್ತಿಗೆ ಅಲ್ಲಿ ಸೂರ್ಯ ಇನ್ನೂ ಮುಳುಗಿರುವುದಿಲ್ಲ, ಏನೂ ಬರುವುದಿಲ್ಲ. ಆಗ ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್ ರಿಸೀವರ್ ತೆರೆಯುತ್ತೇನೆ. ಅಲ್ಲಿನ ಆಂಟೆನಾ ಹಿಡಿದದ್ದನ್ನು ಇಲ್ಲಿ ಮೊಬೈಲಿನಲ್ಲಿ ಕೇಳಬಹುದು. ಯುರೋಪಿನ ಆಕಾಶದಲ್ಲಿ ಕುಂದಗೋಳದ ಪದ ಏಳುತ್ತ ಬೀಳುತ್ತ ಬರುವುದನ್ನು ಕೇಳಿ ನಾನು ಅತ್ತಿದ್ದೇನೆ.

ಕೇಳುಗರು ವರದಿ ಕಳಿಸುತ್ತಾರೆ. ಅದಕ್ಕೆ ಸಿನ್ಪೋ ಎನ್ನುವ ಲೆಕ್ಕ ಇದೆ. ಐದು ಅಂಕಿ: ಸಿಗ್ನಲ್, ಬೇರೆ ಕೇಂದ್ರದ ಅಡ್ಡಿ, ಗದ್ದಲ, ಫೇಡಿಂಗ್, ಒಟ್ಟಾರೆ. ಒಂದೊಂದಕ್ಕೂ 1ರಿಂದ 5. ಯಾವ ನಿಮಿಷದಲ್ಲಿ ಏನು ಕೇಳಿತು ಎಂದೂ ಬರೆಯುತ್ತಾರೆ. ಸರಿಯಿದ್ದರೆ ನಾನು ಕ್ಯೂಎಸ್‌ಎಲ್ ಕಾರ್ಡ್ ಕಳಿಸುತ್ತೇನೆ, ಕೇಳಿದ್ದಕ್ಕೆ ರುಜುವಾತು. ಕಾರ್ಡಿನ ಮೇಲೆ ಜಗ್ಗಲಗಿಯ ಫೋಟೋ. ಫಿನ್ಲೆಂಡಿನ ಒಬ್ಬರು ಪದದ ಹದಿನೇಳು ನಿಮಿಷವನ್ನೂ ಬಿಡದೆ ಬರೆದು ಕಳಿಸಿದ್ದರು, ಎಲ್ಲಿ ತಾಳ ಬದಲಾಯಿತು ಎನ್ನುವುದು ಸಮೇತ. ಆ ಕಾಗದವನ್ನು ಮೇಳದವರಿಗೆ ಓದಿ ಹೇಳಿದೆ. ತಾಳದ ಮಾತು ಬಂದಾಗ ಹಲಗಿ ಬಾರಿಸುವ ಕಾಕಾ ಎದ್ದು ನಿಂತರು, ಇನ್ನೊಮ್ಮೆ ಓದು ಅಂದರು.

ಮುಂದಿನ ತಿಂಗಳು ಹಾವೇರಿ ಕಡೆ ಹೋಗುತ್ತಿದ್ದೇನೆ. ಶಿಶುನಾಳ ಶರೀಫರ ಸೀಮೆ ಅದು, ರಾತ್ರಿಯಿಡೀ ತತ್ವಪದ ಹಾಡುವ ಭಜನಾ ಮೇಳಗಳಿವೆ. ನಿಮ್ಮ ಊರಲ್ಲೂ ಇಂಥವರಿದ್ದರೆ ತಿಳಿಸಿ. ನೀವೇ ಹಾಡುತ್ತಿದ್ದರೆ ಹಾಡು ಕಳಿಸಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದರೂ ನಡೆಯುತ್ತದೆ, ಸ್ವಂತದ್ದಾಗಿರಲಿ ಇಲ್ಲವೇ ನಿಮ್ಮ ಮೇಳದ ಹಳೆಯ ಪದವಾಗಿರಲಿ, ಸಿನಿಮಾ ಹಾಡು ಬೇಡ. ಪ್ರಸಾರಕ್ಕೆ ಒಪ್ಪಿಗೆ ಇದೆ ಎಂದು ಒಂದು ಸಾಲು ಬರೆಯಿರಿ. ಜೊತೆಗೆ ಎಲ್ಲರ ಹೆಸರೂ ಬೇಕು. ಮುಂದೆ ನಿಂತು ಹಾಡಿದವರದ್ದಷ್ಟೇ ಅಲ್ಲ. ಹಲಗಿ ಬಾರಿಸಿದವರು, ತಾಳ ಹಾಕಿದವರು, ಹಿಂದಿನಿಂದ ದನಿಗೂಡಿಸಿದವರು, ಎಲ್ಲರದ್ದು. ಪ್ರಸಾರದಲ್ಲಿ ಹಾಡಿಗಿಂತ ಮೊದಲು ಆ ಹೆಸರುಗಳನ್ನು ಒಂದೊಂದಾಗಿ, ಊರಿನ ಹೆಸರಿನ ಜೊತೆ, ನಿಧಾನವಾಗಿ ಓದುತ್ತೇನೆ.