ಮನೆಯ ಬಿ.ಪಿ. ಮಿಷನ್ ಸುಳ್ಳು ಹೇಳುತ್ತದೆಯೇ?

ಕೇಳುಗರಿಗೆ ನಮಸ್ಕಾರ. ಮಂಡ್ಯ, ಮದ್ದೂರು ಕಡೆ ಮನೆಯಲ್ಲಿ ಬಿ.ಪಿ. ಮಿಷನ್ ಇರುವುದು ಈಗ ಹೊಸದೇನಲ್ಲ. ಬೆಂಗಳೂರಿನ ಮಗ ತಂದುಕೊಟ್ಟು, 'ದಿನಾ ನೋಡಿ ವಾಟ್ಸಾಪ್ ಮಾಡಪ್ಪಾ' ಅಂದಿರುತ್ತಾನೆ. ಒಂದು ಸಲ 150, ಸ್ವಲ್ಪ ಹೊತ್ತಿಗೇ 132 ಬಂತೋ, 'ಇದು ಸುಳ್ಳು ಹೇಳ್ತದೆ' ಅಂತ ಮಿಷನ್ ಬೀರು ಸೇರುತ್ತದೆ.

ಬಿ.ಪಿ. ಗಳಿಗೆಗೊಂದು ತರ ಇರುವುದು ಸಹಜ. ಅದರ ಮೇಲೆ ನಾವು ಕೂರುವ ರೀತಿ ಬೇರೆ. ಗದ್ದೆಯಿಂದ ಬಂದು, ಕಾಫಿ ಕುಡಿದು, ಮಾತಾಡುತ್ತ ನೋಡಿದರೆ ಅಂಕಿ ಏರುತ್ತದೆ. ಕಾಫಿ, ಬೀಡಿ ಆಗಿ ಅರ್ಧ ಗಂಟೆ ಕಳೆಯಲಿ. ಮೂತ್ರಕ್ಕೆ ಹೋಗಿಬಂದು, ಒರಗು ಕುರ್ಚಿಯಲ್ಲಿ ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಿ. ಪಟ್ಟಿಯನ್ನು ಬರಿತೋಳಿಗೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಸುತ್ತಿ. ಕೈ ಮೇಜಿನ ಮೇಲೆ ಎದೆಮಟ್ಟದಲ್ಲಿರಲಿ. ಜೋತುಬಿಟ್ಟರೆ ಹೆಚ್ಚು ತೋರಿಸುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಅಷ್ಟೇ, ಅಂಗಡಿಯಲ್ಲಿ ದೊಡ್ಡದನ್ನು ಕೇಳಿ.

ಬೆಳಗ್ಗೆ ಮಾತ್ರೆಗೆ ಮೊದಲು 2 ಸಲ, ಸಂಜೆ 2 ಸಲ, ನಡುವೆ 1 ನಿಮಿಷ ಬಿಟ್ಟು, 7 ದಿನ ಬರೆಯಿರಿ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಬಿ.ಪಿ. ಹೆಚ್ಚು ಎನ್ನಲು ಆಸ್ಪತ್ರೆಯಲ್ಲಿ 140/90 ಹೇಗೋ, ಮನೆಯ ಸರಾಸರಿಗೆ 135/85 ಹಾಗೆ.

ಡಾಕ್ಟರು ಬೈದಾರೆಂದು ಚೆನ್ನಾಗಿರುವ ಅಂಕಿ ಮಾತ್ರ ಬರೆದುಕೊಂಡು ಹೋಗುವವರು ಬಹಳ. ಆಗ ಬೇಕಾದ ಮಾತ್ರೆಯೇ ಸಿಗುವುದಿಲ್ಲ. ಇನ್ನು ಕೆಲವರು 120 ಬಂತೆಂದು ಮಾತ್ರೆ ಬಿಡುತ್ತಾರೆ. ಅದು 120 ಆಗಿದ್ದೇ ಮಾತ್ರೆಯಿಂದ! ಡಾಕ್ಟರುಗಳಿಗೂ ಒಂದು ಮಾತು: ರೋಗಿ ತಂದ ಪುಸ್ತಕ ತೆರೆದೂ ನೋಡದಿದ್ದರೆ ಮುಂದಿನ ಸಲ ಅವರು ತರುವುದಿಲ್ಲ.

ಶುಗರ್ ಮಿಷನ್ನಿನ ಕಥೆ ಬೇರೆ. ಆಲೆಮನೆಯಲ್ಲಿ ಬೆಲ್ಲ ಮುಟ್ಟಿದ ಬೆರಳನ್ನು ಹಾಗೇ ಚುಚ್ಚಿದರೆ ಬೆಲ್ಲದ ಸಕ್ಕರೆಯೂ ಲೆಕ್ಕಕ್ಕೆ ಬಂದು ಅಂಕಿ ಗಾಬರಿ ಹುಟ್ಟಿಸುತ್ತದೆ. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ, ಬೆರಳಿನ ಪಕ್ಕಕ್ಕೆ ಚುಚ್ಚಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಕುಡಿದು ಸ್ಟ್ರಿಪ್ ಕೆಡುತ್ತದೆ.

ಫೋನಿಗೆ ಅಂಕಿ ಕಳಿಸುವ ಮಿಷನ್ ಕೊಳ್ಳುವವರು ಒಂದು ಪ್ರಶ್ನೆ ಕೇಳಲೇಬೇಕು: ಆ ಕಡೆ ನೋಡುವವರು ಯಾರು, ಯಾವಾಗ? ಎಷ್ಟೋ ಸಲ ಯಾರೂ ಇರುವುದಿಲ್ಲ. ಅದಕ್ಕೇ ಬಿ.ಪಿ. 180/120 ದಾಟಿದ್ದು ಬೇರೆ ತೊಂದರೆಯಿಲ್ಲದಿದ್ದರೆ 5 ನಿಮಿಷ ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಜೊತೆಗೆ ಎದೆನೋವು, ಉಸಿರುಕಟ್ಟು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ಮಗನಿಗೆ ಮೆಸೇಜು ಹಾಕುತ್ತ ಕೂರಬೇಡಿ, ಮೊದಲು 108ಕ್ಕೆ ಫೋನ್ ಮಾಡಿ.