ಆಷಾಢದ ಗಾಳಿಯಲ್ಲಿ ಮೊದಲ ಟೈಮ್ ಟ್ರಯಲ್

ನಮಸ್ಕಾರ. ಈಗ ನೀವು ನೋಡುತ್ತಿರುವ ಸಾಲಿನಲ್ಲಿ ಐದಾರು ಲಕ್ಷದ ಸೈಕಲ್ಲೂ ಇದೆ, ಮುಂದಿನ ಬುಟ್ಟಿ ಬಿಚ್ಚಿಟ್ಟು ಬಂದ, ದಿನಬಳಕೆಯ ಹೈಬ್ರಿಡ್ ಸೈಕಲ್ಲೂ ಇದೆ. ಬುಟ್ಟಿ ಬಿಚ್ಚಿದ್ದು ನನ್ನದು. ಜಾಗ, ಹೊಸಕೋಟೆ ದಾಟಿ ಕೋಲಾರದ ಕಡೆ ಹೋಗುವ ರಸ್ತೆ. ಗಂಟೆ ಇನ್ನೂ ಆರಾಗಿಲ್ಲ. ತಿಂಗಳು ಜುಲೈ. ಆಷಾಢದ ಗಾಳಿ ಎಂಥದ್ದು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಈ ವಿಡಿಯೋ ಪೂರ್ತಿ ಆ ಗಾಳಿಯದ್ದೇ ಕಥೆ.

ಟೈಮ್ ಟ್ರಯಲ್ ಅಂದರೆ ಒಬ್ಬೊಬ್ಬರನ್ನೇ ಬಿಡುವ ರೇಸ್. ನಮ್ಮದರಲ್ಲಿ ನಿಮಿಷಕ್ಕೊಬ್ಬರು. ಹತ್ತು ಕಿಲೋಮೀಟರ್ ಹೋಗಬೇಕು, ಕೋನ್ ಸುತ್ತಬೇಕು, ಅದೇ ಹತ್ತು ಕಿಲೋಮೀಟರ್ ವಾಪಸ್ ಬರಬೇಕು. ಯಾರ ಸಮಯ ಕಡಿಮೆಯೋ ಅವರು ಗೆದ್ದರು. ಒಂದೇ ಒಂದು ಕಟ್ಟುನಿಟ್ಟಿನ ನಿಯಮ: ಇನ್ನೊಬ್ಬರ ಹಿಂದೆ ಅಂಟಿಕೊಂಡು ಹೋಗುವಂತಿಲ್ಲ. ಗುಂಪಿನಲ್ಲಿ ಹೋದರೆ ಮುಂದಿನವರ ಬೆನ್ನು ಗಾಳಿ ತಡೆಯುತ್ತದೆ, ಹಿಂದಿನವರಿಗೆ ಶ್ರಮ ಎಷ್ಟೋ ಉಳಿಯುತ್ತದೆ. ಇಲ್ಲಿ ಆ ಸೌಲಭ್ಯ ಇಲ್ಲ. ನಿಮ್ಮ ಪಾಲಿನ ಗಾಳಿಯನ್ನು ನೀವೇ ಸೀಳಬೇಕು.

ಇದು ಹುಟ್ಟಿದ್ದೇ ಒಂದು ಗಲಾಟೆಯಿಂದ. 1894ರ ಜುಲೈನಲ್ಲಿ ಇಂಗ್ಲೆಂಡಿನ ನಾರ್ತ್ ರೋಡ್ ಕ್ಲಬ್ 50 ಮೈಲಿ ರೇಸ್ ನಡೆಸುತ್ತಿತ್ತು. ಸವಾರರ ಗುಂಪು ನೋಡಿ ಗಾಡಿಯ ಕುದುರೆ ಬೆದರಿತು, ಕೆಲವರು ಬಿದ್ದರು, ದೂರು ಪೊಲೀಸರವರೆಗೂ ಹೋಯಿತು. ರಸ್ತೆಯಲ್ಲಿ ಗುಂಪಾಗಿ ರೇಸ್ ಮಾಡುವುದೇ ಕಷ್ಟವಾಯಿತು. ಅವತ್ತು ಬಿದ್ದವರಲ್ಲಿ ಒಬ್ಬರಾದ ಎಫ್.ಟಿ. ಬಿಡ್ಲೇಕ್ ಒಂದು ದಾರಿ ಹುಡುಕಿದರು. ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರ ನೋಡಿದರೆ ಅದು ರೇಸ್ ಅಂತ ಯಾರಿಗೂ ಅನಿಸುವುದಿಲ್ಲ! 1895ರ ಅಕ್ಟೋಬರ್‌ನಲ್ಲಿ ಹಾಗೇ ನಡೆಸಿದರು. ಆಮೇಲೆ ಎಷ್ಟೋ ವರ್ಷ ಅಲ್ಲಿ ಸವಾರರು ಮೈ ಮುಚ್ಚುವ ಕಪ್ಪು ಬಟ್ಟೆ ಹಾಕಿ, ನಸುಕಿನಲ್ಲಿ, ಗುಟ್ಟಿನ ಸಂಕೇತ ಕೊಟ್ಟ ರಸ್ತೆಗಳಲ್ಲಿ ಓಡಿಸಿದರು. ನಮ್ಮದೂ ನಸುಕಿನಲ್ಲೇ. ಆದರೆ ನಮಗೆ ಕಾರಣ ಬೇರೆ, ಎಂಟು ಗಂಟೆಯ ಮೇಲೆ ಈ ರಸ್ತೆ ಲಾರಿಗಳದ್ದು.

ಇಲ್ಲಿ ಒಬ್ಬ ಹುಡುಗ ಸೈಕಲ್ಲನ್ನು ರೋಲರ್ ಮೇಲೆ ಇಟ್ಟು ಇದ್ದಲ್ಲೇ ತುಳಿಯುತ್ತಿದ್ದಾನೆ ನೋಡಿ. ವಿಜಯಪುರದ ಕಡೆಯವನು. ಆ ಭಾಗದಿಂದ, ಬಾಗಲಕೋಟೆಯಿಂದ, ಗದಗದಿಂದ ಎಷ್ಟು ಸೈಕ್ಲಿಸ್ಟ್‌ಗಳು ಬಂದಿದ್ದಾರೆ ಅಂತ ಬೆಂಗಳೂರಿನ ನಮಗೆ ಸರಿಯಾಗಿ ಗೊತ್ತೇ ಇಲ್ಲ. ನನಗಿದು ಮೊದಲನೇ ಸಲ ಅಂತ ಹೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ: "ಅಕ್ಕಾರ, ಹೋಗೂ ಮುಂದ ಗಾಳಿ ಬೆನ್ನಿಗೈತಿ, ಎಲ್ಲಾರೂ ಹುಲೀನ. ಬರೂ ಮುಂದ ಗೊತ್ತಾಗ್ತೈತಿ. ಹೋಗೂ ಮುಂದ ಸುಮ್ಕ ಹೋಗ್ರಿ."

ಈ ಮಾತಿನ ಹಿಂದೆ ಲೆಕ್ಕ ಇದೆ. ಸ್ವಲ್ಪ ನಿಧಾನವಾಗಿ ಕೇಳಿ. ಹೋಗುವಾಗ ಗಂಟೆಗೆ 36 ಕಿಲೋಮೀಟರ್ ವೇಗ, ಬರುವಾಗ 24 ಅಂತ ಇಟ್ಟುಕೊಳ್ಳಿ. ಸರಾಸರಿ 30 ಆಯಿತು ಅನಿಸುತ್ತದೆ. ಆಗಲ್ಲ. ಹೋಗಲು 16 ನಿಮಿಷ 40 ಸೆಕೆಂಡ್ ಬೇಕು, ಬರಲು 25 ನಿಮಿಷ. ಒಟ್ಟು 41 ನಿಮಿಷ 40 ಸೆಕೆಂಡ್. ಒಂದೇ ಸಮನೆ 30ರಲ್ಲಿ ಹೋಗಿ ಬಂದವರು 40 ನಿಮಿಷಕ್ಕೆ ಮುಗಿಸಿರುತ್ತಾರೆ. ನಿಧಾನವಾಗಿರುವ ಕಡೆಯೇ ನಾವು ಜಾಸ್ತಿ ಹೊತ್ತು ಇರುತ್ತೇವೆ, ಅದಕ್ಕೇ ಅಲ್ಲಿಗೆ ಶಕ್ತಿ ಉಳಿಸಿಕೊಳ್ಳಬೇಕು. ಇನ್ನೊಂದು ಕಡೆಯಿಂದಲೂ ನೋಡಿ. ಗಾಳಿ ಇಲ್ಲದ ದಿನ 30ರಿಂದ 36ಕ್ಕೆ ಏರಿದರೆ ವೇಗ ಶೇಕಡ 20 ಹೆಚ್ಚಿತು, ಆದರೆ ಗಾಳಿ ಸೀಳಲು ಬೇಕಾದ ಶಕ್ತಿ ಶೇಕಡ 70ಕ್ಕಿಂತ ಜಾಸ್ತಿ ಹೆಚ್ಚುತ್ತದೆ. ಗಾಳಿ ಬೆನ್ನಿಗಿರುವಾಗ ಜೋರಾಗಿ ತುಳಿದು ಗಳಿಸುವುದು ಕೆಲವು ಸೆಕೆಂಡ್ ಮಾತ್ರ. ತೆರುವ ಬೆಲೆ ಮಾತ್ರ ದುಬಾರಿ.

ಹಾಗಾದರೆ ಎಷ್ಟು ಜೋರಾಗಿ ತುಳಿಯಬೇಕು? ತುಳಿಯುವ ಶಕ್ತಿ ಅಳೆಯುವ ಪವರ್ ಮೀಟರ್ ನನ್ನ ಹತ್ತಿರ ಇಲ್ಲ, ನಿಮಗೂ ಬೇಕಿಲ್ಲ. ಉಸಿರು ನೋಡಿಕೊಳ್ಳಿ. ಮೊದಲ ಐದು ನಿಮಿಷ "ಇಷ್ಟೇನಾ?" ಅನಿಸಬೇಕು. ಮಧ್ಯದಲ್ಲಿ ಒಂದೆರಡು ಪದ ಆಡಬಹುದು, ಪೂರ್ತಿ ವಾಕ್ಯ ಆಗಬಾರದು. ಕೊನೆಯ ಐದು ನಿಮಿಷದಲ್ಲಿ ಮಾತೇ ಬರಬಾರದು.

ಈಗ ಸ್ಟಾರ್ಟ್. ಸೀಟು ಹಿಡಿದಿರುವವರು ಸ್ವಯಂಸೇವಕರು. ಎರಡೂ ಕಾಲು ಪೆಡಲ್ ಮೇಲಿಟ್ಟರೆ ಅವರು ಬೀಳದಂತೆ ಹಿಡಿಯುತ್ತಾರೆ. ಅಭ್ಯಾಸ ಇಲ್ಲದಿದ್ದರೆ ಒಂದು ಕಾಲು ನೆಲಕ್ಕೆ ಊರಿಯೇ ಹೊರಡಿ, ಹೋಗುವುದು ಒಂದೆರಡು ಸೆಕೆಂಡ್ ಅಷ್ಟೇ. ನಾನು ಹಾಗೇ ಹೊರಟೆ. ಗೇರ್ ಮಾತ್ರ ಮೊದಲೇ ಮಧ್ಯಕ್ಕೆ ತಂದಿಟ್ಟುಕೊಳ್ಳಿ. ಇನ್ನು ಹೊತ್ತಿಗೆ ಸರಿಯಾಗಿ ಬನ್ನಿ. ನೀವು ಬರದಿದ್ದರೂ ನಿಮ್ಮ ಗಡಿಯಾರ ಓಡಲು ಶುರು ಮಾಡುತ್ತದೆ. ಹಲವು ದಿನ ನಡೆಯುವ ದೊಡ್ಡ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನಲ್ಲಿ, 1989ರಲ್ಲಿ, ಹಿಂದಿನ ವರ್ಷದ ಚಾಂಪಿಯನ್ ಪೆಡ್ರೊ ಡೆಲ್ಗಾಡೊ ಮೊದಲ ದಿನದ ಟೈಮ್ ಟ್ರಯಲ್‌ಗೆ 2 ನಿಮಿಷ 40 ಸೆಕೆಂಡ್ ತಡವಾಗಿ ಬಂದರು. ಅಷ್ಟೂ ಅವರ ಲೆಕ್ಕಕ್ಕೇ ಸೇರಿತು. ಚಾಂಪಿಯನ್ ಅಂತ ಯಾರೂ ಕಾಯಲಿಲ್ಲ.

ಹೊರಟ ಮೇಲೆ ಸುಮಾರು ಹೊತ್ತು ತೋರಿಸುವಂಥದ್ದು ಏನೂ ಇಲ್ಲ, ಅದಕ್ಕೇ ವಿಡಿಯೋ ಜೋರಾಗಿ ಓಡಿಸಿದ್ದೇನೆ. ರಸ್ತೆ, ಬಿಳಿ ಗೆರೆ, ನನ್ನ ಮೊಣಕಾಲು. ಹಾಂ, ಇಲ್ಲಿ ನಿಲ್ಲಿಸೋಣ. ಬಲಗಡೆಯಿಂದ ಒಬ್ಬರು ದಾಟುತ್ತಿದ್ದಾರೆ. ನನಗಿಂತ ಒಂದು ನಿಮಿಷ ತಡವಾಗಿ ಹೊರಟವರು! ಆ ಹೊತ್ತಿನಲ್ಲಿ ಎರಡು ಆಸೆ ಒಟ್ಟಿಗೇ ಬರುತ್ತವೆ. ಒಂದು, ಅವರ ಚಕ್ರದ ಹಿಂದೆ ಸೇರಿಕೊಳ್ಳೋಣ ಅಂತ. ಅದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಸಮಯ ಸೇರಿಸುತ್ತಾರೆ ಇಲ್ಲವೇ ಹೊರಗೆ ಹಾಕುತ್ತಾರೆ. ಇನ್ನೊಂದು, ಬೆನ್ನಟ್ಟೋಣ ಅಂತ. ಅದು ಕಾಲಿಗೆ ವಿರುದ್ಧ. ದಾಟಿದವರನ್ನು ಹೋಗಲು ಬಿಟ್ಟು, ಸ್ವಲ್ಪ ಹಿಂದೆ ಸರಿದು, ಮತ್ತೆ ನಿಮ್ಮ ಉಸಿರಿನ ಕಡೆ ಗಮನ ಕೊಡಿ. ಅವರನ್ನೇ ನೋಡುತ್ತಾ ಹೋದರೆ ಹಂಪ್ ಕಾಣುವುದಿಲ್ಲ. ಬಣ್ಣ ಹೊಡೆಯದ ಹಂಪ್ ನಮ್ಮ ರಸ್ತೆಗಳಲ್ಲಿ ಎಲ್ಲಿ ಬೇಕಾದರೂ ಇರುತ್ತದೆ. ಹಿಂದಿನ ಭಾನುವಾರವೇ ಬಂದು ಒಮ್ಮೆ ಈ ದಾರಿಯಲ್ಲಿ ಹೋಗಿ ನೋಡಿದ್ದು ಇದಕ್ಕೇ. ಹಂಪ್ ಎಲ್ಲಿ, ನಾಯಿಗಳಿರುವ ಟೀ ಅಂಗಡಿ ಯಾವುದು, ಟ್ರ್ಯಾಕ್ಟರ್ ಯಾವ ಕಡೆಯಿಂದ ನುಗ್ಗುತ್ತದೆ. ಇಂಥ ರೇಸ್‌ಗಳಿಗೆ ರಸ್ತೆ ಮುಚ್ಚುವುದಿಲ್ಲ, ಮಾರ್ಷಲ್‌ಗಳು ಎಲ್ಲ ತಿರುವಿನಲ್ಲೂ ಇರುವುದಿಲ್ಲ. ಸೆಕೆಂಡ್ ಉಳಿಸಲು ಹೋಗಿ ಲಾರಿಯ ಜೊತೆ ಪಂದ್ಯ ಕಟ್ಟಬೇಡಿ.

ಯೂ ಟರ್ನ್. ಮರಳು ಇದೆ ನೋಡಿ, ಕೋನ್ ಪಕ್ಕದಲ್ಲೇ. ಬ್ರೇಕ್ ಹಾಕುವುದೆಲ್ಲ ನೇರವಾಗಿ ಹೋಗುವಾಗಲೇ ಮುಗಿಸಬೇಕು, ಗೇರ್ ಹಗುರ ಮಾಡಿಕೊಳ್ಳಬೇಕು, ತಿರುಗಿದ ಮೇಲೆ ಎದ್ದು ತುಳಿಯಬೇಕು.

ಈ ಸದ್ದು ಕೇಳಿಸಿತಾ? ಮೈಕ್ ಕೆಟ್ಟಿಲ್ಲ. ಅದು ಗಾಳಿ. ಪಶ್ಚಿಮದಿಂದ ನೇರವಾಗಿ ಮುಖಕ್ಕೆ. 31ರಲ್ಲಿದ್ದ ವೇಗ 24ಕ್ಕೆ ಇಳಿದದ್ದು ಮೂಲೆಯ ಅಂಕಿಯಲ್ಲಿ ಕಾಣುತ್ತಿದೆ. ಇಲ್ಲಿ ಹೊಸಬರು ಮಾಡಬೇಕಾದ ಕೆಲಸ ಮೈ ತಗ್ಗಿಸುವುದು. ಗಾಳಿಗೆ ಅಡ್ಡ ಬರುವುದರಲ್ಲಿ ಮುಕ್ಕಾಲು ಪಾಲು ನಮ್ಮ ಮೈಯದ್ದು, ಸೈಕಲ್ಲಿನದ್ದು ಉಳಿದದ್ದು ಮಾತ್ರ. ಮೊಣಕೈ ಮಡಚಿ ಒಳಗೆ ತನ್ನಿ, ಗಲ್ಲ ಕೆಳಗೆ, ಕಣ್ಣು ರಸ್ತೆ ಮೇಲೆ. ಭುಜ ಕಿವಿಯ ಹತ್ತಿರ ಬಂದಿದ್ದರೆ ಇಳಿಸಿ. ಗೇರ್ ಒಂದು ಹಗುರ ಮಾಡಿ, ಕಾಲು ತಿರುಗುತ್ತಲೇ ಇರಲಿ. ವೇಗದ ಅಂಕಿ ನೋಡುವುದು ಬಿಟ್ಟೇಬಿಡಿ, ಅದು ಸುಮ್ನೆ ಮನಸ್ಸು ಕೆಡಿಸುತ್ತದೆ. ಕೋನ್‌ಗೆ ಮೊದಲು ನನ್ನನ್ನು ದಾಟಿ ಹೋದವರಲ್ಲಿ ಒಬ್ಬರು ಕೊನೆಯ ಮೂರು ಕಿಲೋಮೀಟರ್‌ನಲ್ಲಿ ಮತ್ತೆ ಸಿಕ್ಕರು. ಅವರನ್ನು ದಾಟುವಾಗ ನನಗೆ ಆದ ಖುಷಿ ಕ್ಯಾಮೆರಾದಲ್ಲಿ ಬಂದಿಲ್ಲ, ಪುಣ್ಯ.

ಅದೇ 1989ರ ಟೂರ್ ಕೊನೆಯ ದಿನವನ್ನೂ ಹೇಳಲೇಬೇಕು. ವರ್ಸೈಯಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್. ಅಮೆರಿಕದ ಗ್ರೆಗ್ ಲೆಮಾಂಡ್ ಅಲ್ಲಿಯವರೆಗಿನ ಒಟ್ಟು ಸಮಯದಲ್ಲಿ 50 ಸೆಕೆಂಡ್ ಹಿಂದಿದ್ದರು. ಮೊಣಕೈ ಊರುವ ಏರೋ ಬಾರ್ ಹಾಕಿ, ಏರೋ ಹೆಲ್ಮೆಟ್ ಕಟ್ಟಿ ಹೊರಟರು. ಮುಂದಿದ್ದ ಲಾರೆಂಟ್ ಫಿನ್ಯೋನ್ ಹೆಲ್ಮೆಟ್ ಇಲ್ಲದೆ, ಜುಟ್ಟು ಹಾರಿಸುತ್ತಾ. ಲೆಮಾಂಡ್ 58 ಸೆಕೆಂಡ್ ಗಳಿಸಿದರು, 8 ಸೆಕೆಂಡ್‌ನಲ್ಲಿ ಟೂರ್ ಗೆದ್ದರು. ಜುಟ್ಟಿನಿಂದಲೇ ಸೋತರು ಅಂತ ನಾನು ಹೇಳುವುದಿಲ್ಲ, ಆದರೆ ನನ್ನ ಬೆನ್ನಿನ ನಂಬರ್ ಗಾಳಿಪಟದ ಹಾಗೆ ಪಟಪಟ ಅನ್ನದಂತೆ ಮೂಲೆಗಳಿಗಷ್ಟೇ ಅಲ್ಲ, ಅಂಚಿಗೂ ಪಿನ್ ಹಾಕಿದ್ದೆ.

ದುಡ್ಡಿನ ವಿಷಯ. ಏರೋ ಬಾರ್ ಕೊಳ್ಳಲು ಓಡಬೇಡಿ. ಮೊದಲು ಮೈಗೆ ಅಂಟುವ ಜೆರ್ಸಿ, ಆಮೇಲೆ ನುಣುಪಾದ ಒಳ್ಳೆಯ ಟೈರ್. ಗಾಳಿಯನ್ನು ಟೈರ್ ಪಕ್ಕದಲ್ಲಿ ಬರೆದಿರುವ ಗರಿಷ್ಠಕ್ಕೆ ತುಂಬಬೇಡಿ, ನಮ್ಮ ರಸ್ತೆಯಲ್ಲಿ ಕುಣಿಯುತ್ತದೆ. ರೇಸ್‌ನ ಹಿಂದಿನ ದಿನ ಸೀಟಿನ ಎತ್ತರ ಮುಟ್ಟಲೇಬೇಡಿ. ಶಕ್ತಿಗೆ ಅಂತ ತಿನ್ನುವ ಜೆಲ್ ಕೂಡ ಬೇಡ, ಮುಕ್ಕಾಲು ಗಂಟೆಯ ಕೆಲಸಕ್ಕೆ ಹಿಂದಿನ ರಾತ್ರಿಯ ಊಟ ಮತ್ತು ಬೆಳಿಗ್ಗೆ ಎರಡು ಬಾಳೆಹಣ್ಣು ಸಾಕು. ವಾರ್ಮ್ ಅಪ್ ಮಾತ್ರ ಬಿಡಬೇಡಿ. ಇಪ್ಪತ್ತು ನಿಮಿಷ, ಕೊನೆಯಲ್ಲಿ ಒಂದೆರಡು ಸಲ ಉಸಿರು ಮೇಲೇರುವಷ್ಟು. ರೇಸ್ ಚಿಕ್ಕದಾದಷ್ಟೂ ಅದು ಮುಖ್ಯ.

ಫಲಿತಾಂಶ ಇಲ್ಲಿದೆ. ಹೋಗುವಾಗ ಸುಮಾರು 19 ನಿಮಿಷ, ಬರುವಾಗ 24. ಪಟ್ಟಿಯ ಕೆಳಗಿನ ಅರ್ಧದಲ್ಲಿ ನನ್ನ ಹೆಸರು. ನನ್ನ ಸಮಾಧಾನ ಆ 24ರ ಬಗ್ಗೆ. ವಿಜಯಪುರದ ಹುಡುಗ ಪಟ್ಟಿ ನೋಡಿ "ಚಲೋ ಆತ್ರಿ ಅಕ್ಕಾರ, ಟೈರ್ ಬದಲಸ್ರಿ" ಅಂದ. ಅವನದು ಅರ್ಧ ಗಂಟೆಗೂ ಕಡಿಮೆ.

ಟೈರ್ ಬಂದಿವೆ. ಮುಂದಿನ ವಿಡಿಯೋದಲ್ಲಿ ಇದೇ ರಸ್ತೆಯಲ್ಲಿ ಹಳೆಯದಕ್ಕೂ ಹೊಸದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡೋಣ, ಗಾಳಿ ಸ್ವಲ್ಪ ತಗ್ಗಿದ ಮೇಲೆ. ನಿಮ್ಮ ಊರಿನ ಹತ್ತಿರ ಇಪ್ಪತ್ತು ಕಿಲೋಮೀಟರ್ ಹಂಪ್ ಕಡಿಮೆ ಇರುವ ರಸ್ತೆ ಯಾವುದಾದರೂ ಇದ್ದರೆ ಹೆಸರು ಬರೆದು ಕಳಿಸಿ. ಗಾಳಿ ಯಾವ ಕಡೆಯಿಂದ ಬರುತ್ತದೆ ಅನ್ನುವುದನ್ನೂ ಸೇರಿಸಿ.