ಹಾಸನದಲ್ಲೇ ಇದ್ದು ಮ್ಯೂಸಿಕ್ ವಿಡಿಯೋ ಡೈರೆಕ್ಟರ್ ಆಗೋದು ಹೇಗೆ?

[ತೆರೆಯ ಮೇಲೆ: ಕಾಫಿ ತೋಟದೊಳಗೆ ಗಾಯಕಿ. ಮುಖದ ತುಂಬ ಬಿಸಿಲಿನ ಚುಕ್ಕೆ]

ನಮಸ್ಕಾರ. ಈ ಫ್ರೇಮ್ ನೋಡಿ. ಜಾಗ ಚೆನ್ನಾಗಿದೆ, ಹಾಡುವವರೂ ಚೆನ್ನಾಗಿದ್ದಾರೆ, ಆದರೂ ಕಣ್ಣಿಗೆ ಹಿತವಾಗಿಲ್ಲ. ಸಿಲ್ವರ್ ಓಕ್ ಎಲೆಗಳ ಸಂದಿಯಿಂದ ಬಿಸಿಲು ಬಿದ್ದು ಹಣೆ ಬೆಳ್ಳಗಾಗಿದೆ, ಕಣ್ಣು ಕತ್ತಲಲ್ಲಿದೆ. ಎರಡು ಕೋಲಿಗೆ ಬಿಳಿ ಪಂಚೆ ಕಟ್ಟಿ ತಲೆಯ ಮೇಲೆ ಹಿಡಿಸಿ, ಮುಖಕ್ಕೆ ಬೆಳಕು ತಿರುಗಿಸಲು ಎದುರಿಂದ ಒಂದು ಥರ್ಮಾಕೋಲ್ ಶೀಟ್ ಹಿಡಿಸಿ.

[ಅದೇ ಶಾಟ್, ಪಂಚೆ ಹಿಡಿದ ಮೇಲೆ]

ಆಯಿತಲ್ವಾ? ಇದಕ್ಕೆ ದುಬಾರಿ ಕ್ಯಾಮೆರಾ ಬೇಕಾಗಲಿಲ್ಲ.

ನಮ್ಮ ಹಾಸನ, ಚಿಕ್ಕಮಗಳೂರು ಕಡೆ "ಹಾಡಿನ ವಿಡಿಯೋ ಮಾಡಿಕೊಡ್ತೀನಿ" ಅಂದರೆ ಮೊದಲು ಕೇಳುವುದೇ "ಅಣ್ಣ, ಡ್ರೋನ್ ಇರುತ್ತಾ?" ಅಂತ. ಆಮೇಲೆ "ಯಾವ ಕ್ಯಾಮೆರಾ?" ಹಾಡಿನ ಮಾತು ಕೊನೆಗೆ. ಡೈರೆಕ್ಟರ್ ಆಗಬೇಕು ಅನ್ನುವವರು ಇದನ್ನು ತಿರುಗಿಸಿಕೊಳ್ಳಬೇಕು. ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ, ಓಡಿಸುವವರೂ ಸಿಗುತ್ತಾರೆ. ಈ ಸಾಲು ಬಂದಾಗ ಏನು ಕಾಣಬೇಕು ಅಂತ ಮೊದಲೇ ಗೊತ್ತಿರುವವರು ಸಿಗುವುದು ಕಷ್ಟ. ಆ ಒಬ್ಬರು ನೀವಾಗಬೇಕು.

ಇಲ್ಲಿ ಈ ಕೆಲಸಕ್ಕೆ ಬರುವವರಲ್ಲಿ ಬಹಳ ಜನ ಮದುವೆ ವಿಡಿಯೋದವರು. ಒಳ್ಳೆಯ ಗರಡಿ ಅದು. ಧಾರೆ ಮಿಸ್ ಆದರೆ ಮತ್ತೆ ಎರೆಸುವ ಹಾಗಿಲ್ಲ, ಹಾಗಾಗಿ ಕೈ ಚುರುಕಾಗುತ್ತದೆ. ಆದರೆ ಪ್ರೀ-ವೆಡ್ಡಿಂಗ್‌ನಲ್ಲಿ ಒಂದು ಕೆಟ್ಟ ಅಭ್ಯಾಸವೂ ಅಂಟುತ್ತದೆ. ಶೆಟ್ಟಿಹಳ್ಳಿ ಚರ್ಚ್ ಮುಂದೆ ಜೋಡಿಯನ್ನು ನಡೆಸಿ, ಎಡಿಟಿಂಗ್‌ನಲ್ಲಿ ಯಾವುದೋ ಹಾಡು ಹಾಕಿಬಿಡುತ್ತೇವೆ. ಮ್ಯೂಸಿಕ್ ವಿಡಿಯೋದಲ್ಲಿ ಹಾಡು ಮೊದಲೇ ಮುಗಿದಿರುತ್ತದೆ. ಅದನ್ನು ಒಂದು ಸೆಕೆಂಡೂ ಎಳೆಯುವ ಹಾಗಿಲ್ಲ.

[ತೆರೆಯ ಮೇಲೆ: ನೋಟ್‌ಬುಕ್ ಹಾಳೆ, ನಾಲ್ಕು ಕಾಲಂ]

ಹಾಗಾಗಿ ಮೊದಲ ಕೆಲಸ ಕಾಗದದ ಮೇಲೆ. ನಾಲ್ಕು ಕಾಲಂ ಹಾಕಿ: ಸಮಯ, ಸಾಲು, ಏನು ಕಾಣುತ್ತದೆ, ಎಲ್ಲಿ. 4 ನಿಮಿಷದ ಹಾಡು ಅಂದರೆ 240 ಸೆಕೆಂಡ್. ಶಾಟ್‌ಗೆ 3 ಸೆಕೆಂಡ್ ಅಂದುಕೊಂಡರೂ 80 ಶಾಟ್ ಬೇಕು. ಈ ಲೆಕ್ಕ ಹಾಕದೆ ಬೆಟ್ಟ ಹತ್ತಿದವರು ಮಧ್ಯಾಹ್ನ ಮೂರು ಗಂಟೆಗೆ "ಇನ್ನೇನು ತೆಗೆಯೋಣ" ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಪಲ್ಲವಿ ಮೂರು ಸಲ ಬರುತ್ತದೆ. ಮೂರು ಸಲವೂ ಅದೇ ಜಾಗ, ಅದೇ ಸೀರೆ ಆದರೆ ನೋಡುವವರು ಎರಡನೆಯ ಸಲಕ್ಕೇ ಎದ್ದು ಹೋಗುತ್ತಾರೆ. ಚರಣದ ನಡುವೆ ಕೊಳಲಿನ ಬಿಟ್ ಇದೆಯಾ? ಅಲ್ಲಿ ತುಟಿ ಆಡಿಸುವ ಕೆಲಸ ಇಲ್ಲ, ಕಥೆ ಹೇಳಬೇಕಾದ ಜಾಗವೇ ಅದು.

ತಾಳದ ಲೆಕ್ಕವನ್ನೂ ಬರೆದುಕೊಳ್ಳಿ. ನಿಮಿಷಕ್ಕೆ 100 ಬೀಟ್ ಇರುವ ಹಾಡನ್ನು ಸೆಕೆಂಡಿಗೆ 25 ಫ್ರೇಮ್‌ನಲ್ಲಿ (ಅಂದರೆ 25 ಚಿತ್ರ) ತೆಗೆದರೆ ಒಂದು ಬೀಟ್‌ಗೆ ಸರಿಯಾಗಿ 15 ಫ್ರೇಮ್. ಎಡಿಟಿಂಗ್ ಟೇಬಲ್‌ನಲ್ಲಿ ಕಣ್ಣು ಮುಚ್ಚಿ ಕಟ್ ಹಾಕಬಹುದು. 25 ಯಾಕೆ ಅಂದರೆ ನಮ್ಮ ಕರೆಂಟ್ 50 ಹರ್ಟ್ಜ್. ಶಟರ್ 1/50 ಸೆಕೆಂಡ್ ಇಟ್ಟರೆ ಟ್ಯೂಬ್‌ಲೈಟ್ ಕೆಳಗೆ ತೆಗೆದರೂ ಮಿಣುಕು ಕಾಣುವುದಿಲ್ಲ.

ಈಗ ಶೂಟಿಂಗ್ ದಿನ. ಸ್ಪೀಕರ್‌ನಲ್ಲಿ ಹಾಡು ಹಾಕಿ, ಹಾಡುವವರಿಗೆ ಗಟ್ಟಿಯಾಗಿ ಹಾಡಲು ಹೇಳಿ. ಸುಮ್ನೆ ತುಟಿ ಆಡಿಸಿದರೆ ಗಂಟಲ ನರ ಏಳುವುದಿಲ್ಲ, ಉಸಿರು ತೆಗೆದುಕೊಂಡದ್ದು ಕಾಣುವುದಿಲ್ಲ. ಮೋಸ ತಕ್ಷಣ ಗೊತ್ತಾಗುತ್ತದೆ. ಹಾಡಿನ ಫೈಲ್ ಶುರುವಿಗೆ ತಾಳಕ್ಕೆ ಸರಿಯಾಗಿ ನಾಲ್ಕು ಟಿಕ್ ಶಬ್ದ ಸೇರಿಸಿಕೊಂಡಿರಿ, ಇಲ್ಲದಿದ್ದರೆ ಮೊದಲ ಪದವನ್ನು ಎಲ್ಲರೂ ತಡವಾಗಿ ಹಿಡಿಯುತ್ತಾರೆ.

ಸ್ಲೋ ಮೋಷನ್‌ನಲ್ಲಿ ನಡೆಯುತ್ತಾ ಹಾಡುತ್ತಾರಲ್ಲ, ಕೂದಲು ನಿಧಾನವಾಗಿ ಹಾರುತ್ತದೆ, ತುಟಿ ಮಾತ್ರ ಹಾಡಿಗೆ ಸರಿಯಾಗಿರುತ್ತದೆ. ಅದು ಹೇಗೆ? ಸ್ಪೀಕರ್‌ನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕುತ್ತಾರೆ. ಗಾಯಕರು ಆ ವೇಗಕ್ಕೇ ಹಾಡುತ್ತಾರೆ, ಕ್ಯಾಮೆರಾ 50 ಫ್ರೇಮ್‌ನಲ್ಲಿ ಓಡುತ್ತದೆ. ಅದನ್ನು 25ರಲ್ಲಿ ಆಡಿಸಿದಾಗ ತುಟಿ ಹಾಡಿನ ವೇಗಕ್ಕೆ ಬರುತ್ತದೆ, ಮೈ ಚಲನೆ ಅರ್ಧಕ್ಕೆ ಇಳಿಯುತ್ತದೆ. ಸೆಟ್‌ನಲ್ಲಿ ಎಲ್ಲರೂ ನಗುತ್ತಾರೆ, ನಗಲಿ. ಮನೆಯಲ್ಲೇ ಫೋನ್ ಹಿಡಿದು ಇದನ್ನು ಇವತ್ತೇ ಪ್ರಯತ್ನಿಸಿ.

ಇನ್ನೊಂದು ಸೂಕ್ಷ್ಮ. ಮುಳ್ಳಯ್ಯನಗಿರಿ ಕಡೆ ಇಳಿಜಾರಿನಲ್ಲಿ ಗಾಯಕರನ್ನು 50 ಮೀಟರ್ ದೂರ ನಿಲ್ಲಿಸಿ ಜೂಮ್ ಲೆನ್ಸ್‌ನಲ್ಲಿ ತೆಗೆಯುತ್ತೀರಿ ಅನ್ನಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸ್ಪೀಕರ್ ಅವರ ಕಾಲ ಬಳಿ ಇದ್ದರೆ ನಿಮ್ಮ ಕ್ಯಾಮೆರಾ ಮೈಕ್‌ಗೆ ಹಾಡು ತಲುಪುವಷ್ಟರಲ್ಲಿ ಸುಮಾರು 4 ಫ್ರೇಮ್ ತಡ. ಎಡಿಟಿಂಗ್‌ನಲ್ಲಿ ಆ ಶಬ್ದ ನಂಬಿ ಹಾಡು ಹೊಂದಿಸಿದರೆ ತುಟಿ ಮುಂದೆ ಓಡುತ್ತದೆ. ಇಂಥ ಶಾಟ್‌ಗಳನ್ನು ತುಟಿ ನೋಡಿಯೇ ಕೂಡಿಸಿ.

[ತೆರೆಯ ಮೇಲೆ: ಬಿಳಿ ಹೂ ಮುಚ್ಚಿದ ಕಾಫಿ ಗಿಡಗಳು]

ಜಾಗದ ವಿಷಯದಲ್ಲಿ ನಾವು ಪುಣ್ಯವಂತರು. ಹಾಸನದಿಂದ ಒಂದು ಕಡೆ ಅರಸೀಕೆರೆಯ ತೆಂಗಿನ ತೋಟ, ಬಯಲು. ಇನ್ನೊಂದು ಕಡೆ ಸಕಲೇಶಪುರದ ಮಂಜು. ಆದರೆ ಕ್ಯಾಲೆಂಡರ್ ನೋಡಬೇಕು. ಕಾಫಿ ಹೂ ಬೇಕಾದರೆ ಹೂಮಳೆಗೆ, ಅಂದರೆ ಬೇಸಿಗೆಯ ಮೊದಲ ಮಳೆಗೆ, ಕಾಯಿರಿ. ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಅರಳುತ್ತದೆ, ಎರಡು-ಮೂರು ದಿನದಲ್ಲಿ ಬಾಡುತ್ತದೆ. ತೋಟದ ಮಾಲೀಕರನ್ನು ಅದಕ್ಕೂ ಮೊದಲೇ ಕೇಳಿಟ್ಟಿರಬೇಕು. ಗುಂಪು ಕಟ್ಟಿಕೊಂಡು ನುಗ್ಗಿ ಕೊಂಬೆ ತಾಗಿಸಿದರೆ ಉದುರುವುದು ಅವರ ವರ್ಷದ ಫಸಲು.

ಬೇಲೂರು, ಹಳೇಬೀಡು ಸುಮ್ನೆ ಹೋಗಿ ತೆಗೆಯುವ ಜಾಗಗಳಲ್ಲ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ, 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿವೆ. ಚಿತ್ರೀಕರಣಕ್ಕೆ ಲೈಸೆನ್ಸ್ ಬೇಕು. ಕಾಡಿಗೆ ಅರಣ್ಯ ಇಲಾಖೆ ಅನುಮತಿ. ಇನ್ನು ಆ ಡ್ರೋನ್! 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂಗಿಂತ ಜಾಸ್ತಿ ತೂಕದ್ದನ್ನು ದುಡ್ಡಿನ ಕೆಲಸಕ್ಕೆ ಹಾರಿಸುವವರ ಬಳಿ ಪೈಲಟ್ ಸರ್ಟಿಫಿಕೇಟ್ ಇರಬೇಕು. ಬಾಡಿಗೆಗೆ ಕರೆಯುವಾಗ ಅದನ್ನೇ ಮೊದಲು ಕೇಳಿ.

ಮೊದಲ ಹಾಡು ಎಲ್ಲಿಂದ ತರುವುದು? ಸಿನಿಮಾ ಹಾಡು ಬೇಡ. "ಕ್ರೆಡಿಟ್ ಕೊಟ್ಟರೆ ಸಾಕು" ಅನ್ನುವುದು ಬರೀ ಸುಳ್ಳು. ಸಾಹಿತ್ಯ, ಸಂಗೀತ, ರೆಕಾರ್ಡಿಂಗ್ ಮೂರಕ್ಕೂ ಬೇರೆ ಬೇರೆ ಹಕ್ಕು ಇರುತ್ತದೆ. ಭಾವಗೀತೆಗೂ ಇದೇ ಮಾತು. ಕವಿ ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ ಅನುಮತಿ ಬೇಕು. ಕುವೆಂಪು ಅವರದ್ದಕ್ಕೆ 2054. ವಚನ, ದಾಸರ ಪದ, ಸಾಂಪ್ರದಾಯಿಕ ಜನಪದ ಪದಗಳಿಗೆ ಆ ತೊಡಕಿಲ್ಲ, ಬೇರೆಯವರ ರೆಕಾರ್ಡಿಂಗ್ ಅಥವಾ ಹೊಸದಾಗಿ ಹಾಕಿದ ರಾಗ ಎತ್ತದಿದ್ದರೆ ಸರಿ. ಹಾಸನಾಂಬ ಕಲಾಕ್ಷೇತ್ರ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರ, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ, ಇಲ್ಲೆಲ್ಲ ಒಳ್ಳೆಯ ದನಿಗಳಿವೆ, ಒಂದೇ ಒಂದು ನೆಟ್ಟಗಿನ ವಿಡಿಯೋ ಇರುವುದಿಲ್ಲ. ಹೋಗಿ ಮಾತನಾಡಿಸಿ.

ಕಲಿಕೆಗೆ ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ, ಕ್ಯಾಮೆರಾ ಮತ್ತು ಸೌಂಡ್ ಡಿಪ್ಲೊಮಾ ಸಿಗುತ್ತದೆ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಅನ್ನುವ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಸಾಕು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ದುಡ್ಡಿನ ಮಾತು ಹೇಳಲೇಬೇಕು. ಪರಿಚಯದವರಾದರೂ ಅರ್ಧ ಅಡ್ವಾನ್ಸ್ ತೆಗೆದುಕೊಳ್ಳಿ. ಎಷ್ಟು ಸಲ ಕರೆಕ್ಷನ್ ಮಾಡಿಕೊಡುತ್ತೀರಿ ಅಂತ ವಾಟ್ಸಾಪ್‌ನಲ್ಲಾದರೂ ಬರೆದು ಕಳಿಸಿ, ಇಲ್ಲದಿದ್ದರೆ ಗಾಯಕರ ಭಾವಮೈದನಿಗೂ ಒಂದು ಅಭಿಪ್ರಾಯ ಇರುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ನಮ್ಮ ಕಾಪಿರೈಟ್ ಕಾನೂನಿನ ಪ್ರಕಾರ ವಿಡಿಯೋದ ಹಕ್ಕು ಹಣ ಕೊಟ್ಟು ಮಾಡಿಸಿದವರದ್ದೇ. ತೆಗೆದವರು ನೀವೇ ಆದರೂ ಅಷ್ಟೇ. ಹಾಗಾಗಿ "ನನ್ನ ಶೋರೀಲ್‌ನಲ್ಲಿ (ನನ್ನ ಕೆಲಸದ ಮಾದರಿ ವಿಡಿಯೋದಲ್ಲಿ) ಬಳಸಿಕೊಳ್ಳುತ್ತೇನೆ" ಅನ್ನುವ ಸಾಲನ್ನು ಶೂಟಿಂಗ್‌ಗೆ ಮೊದಲೇ ಒಪ್ಪಿಸಿಕೊಳ್ಳಿ. ಮುಂದಿನ ಹಾಡು ಕೊಡುವವರು ಕೇಳುವುದು ಅದನ್ನೇ.

[ತೆರೆಯ ಮೇಲೆ: ಖಾಲಿ ನಾಲ್ಕು ಕಾಲಂ ಹಾಳೆ]

ಈ ಹಾಳೆಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮುಂದಿನ ವಿಡಿಯೋದಲ್ಲಿ ಒಂದು ಜನಪದ ಹಾಡನ್ನು ಇದರಲ್ಲಿ ಸಾಲು ಸಾಲಾಗಿ ತುಂಬಿಸೋಣ.